ಹಿಂದಿನ ಸೀಟು

ಗಂಡ ಹೆಂಡತಿ ಮುಂದೆ ಕೂತಿದ್ದರು, ಹಿಂದಿನ ಸೀಟು ಖಾಲಿ. ಆದರೂ ಅಲ್ಲಿ ಬೆಲ್ಟ್ ಹಾಕಿಲ್ಲವೆಂದು ಹೊಸ ಎಲೆಕ್ಟ್ರಿಕ್ ಕಾರು ಒಂದೇ ಸಮನೆ ಬೀಪ್ ಬೀಪ್ ಎಂದು ಬಡಿದುಕೊಳ್ಳುತ್ತಿತ್ತು.

"ಸೆನ್ಸರ್ ಪ್ರಾಬ್ಲಂ ಸಾರ್," ಎಂದ ಕಿಟಕಿಯಾಚೆ ನಿಂತಿದ್ದ ಷೋರೂಮಿನವನು.

"ಹಾಗಾದ್ರೆ ರೇಟ್ ಇಳಿಸ್ರೀ. ಲೋನ್ ಬಡ್ಡೀನೂ ಜಾಸ್ತಿ ಆಯ್ತು," ಗಂಡ ಪಟ್ಟು ಹಿಡಿದ.

ಷೋರೂಮಿನವನು ಬೇರೆ ಕಾರು ತರಿಸಿ, ತಾನೇ ಕೂತು ನೋಡಿದ. ಸದ್ದಿಲ್ಲ. ಅವರಿಬ್ಬರೂ ಕೂತರು. ಅದೂ ಬಡಿದುಕೊಳ್ಳತೊಡಗಿತು.

ಷೋರೂಮಿನವನು ಬಗ್ಗಿ ಖಾಲಿ ಸೀಟನ್ನು ಇಣುಕಿ ನೋಡಿದ. "ಹತ್ತು ಸಾವಿರ ಬಿಡ್ತೀನಿ ಸಾರ್. ಬಡ್ಡೀನೂ ಕಡಿಮೆ ಮಾಡಿಸಿ, ಇದನ್ನ ರಿಪೇರಿ ಮಾಡಿಸ್ಕೊಡ್ತೀನಿ."

ಗಂಡ ಕನ್ನಡಿಯಲ್ಲಿ ಹಿಂದಿನ ಸೀಟನ್ನೇ ನೋಡುತ್ತಿದ್ದ. "ನೀವು ಮೊದಲು ಹೇಳಿದ ರೇಟೇ ಇರಲಿ. ರಿಪೇರಿ ಮಾತ್ರ ಬೇಡ."

ಹೆಂಡತಿ ಇಳಿದು, ಹಿಂದಿನ ಬಾಗಿಲು ತೆರೆದು, ಖಾಲಿ ಸೀಟಿಗೆ ಬೆಲ್ಟ್ ಹಾಕಿದಳು. ಸದ್ದು ನಿಂತಿತು.

"ಈ ಸಲ ಬಿಚ್ಚಬಾರದು ಪುಟ್ಟಾ, ಆಯ್ತಾ?"