ಅವ್ವನ ಮರುಒಪ್ಪಿಗೆ

ಮರುಒಪ್ಪಿಗೆಯ ಕೋಣೆಯಲ್ಲಿ ಕೇಳಿಸಿಕೊಂಡದ್ದನ್ನು ಮನೆಯವರು ಹೊರಗೆ ಆಡುವ ರೂಢಿಯಿಲ್ಲ. ಆದರೂ ಬರೆಯುತ್ತಿದ್ದೇನೆ. ತಪ್ಪೆನಿಸಿದರೆ ದಯವಿಟ್ಟು ಕ್ಷಮಿಸಿ.

ದೇಹದಾನ ಮಾಡಿದವರನ್ನು ಸತ್ತ ಮರುದಿನ ಮೆಡಿಕಲ್ ಕಾಲೇಜಿನಲ್ಲಿ ಸೂಜಿ ಚುಚ್ಚಿ ಸ್ವಲ್ಪ ಹೊತ್ತು ಎಬ್ಬಿಸಿ, ಇನ್ನೊಮ್ಮೆ ಒಪ್ಪಿಗೆ ಕೇಳುತ್ತಾರಲ್ಲ, ಹಾಗೆಯೇ ನಮ್ಮ ಅವ್ವ ನೀಲಗಂಗವ್ವನನ್ನೂ ಎಬ್ಬಿಸಿದರು. ಕಣ್ಣು ತೆರೆದವಳೇ ಸೆರಗು ಸರಿಮಾಡಿಕೊಂಡಳು.

ಅವಳ ಅಣ್ಣ ಗುರುಬಸಪ್ಪ ಮಾವ, ಒಪ್ಪಿಗೆ ಕೇಳಬೇಕಿದ್ದ ಕಾಲೇಜಿನ ಅಧಿಕಾರಿಗಿಂತ ಮೊದಲೇ ಬಾಯಿ ಹಾಕಿದರು. "ಬ್ಯಾಡ ಅನ್ನು ತಂಗೀ. ಕುಣಿ ತೆಗಸೀನಿ. ನಮ್ಮ ಮನಿತನದಾಗ ಎಲ್ಲಾರೂ ಮಣ್ಣಿಗೆ ಹೋದವರು. ನೀ ಒಬ್ಬಾಕಿ ಹುಡುಗ್ರ ಕೈಯಾಗ ಕೊಯ್ಸ್ಕೋತೀ ಏನು?"

"ಹೊಟ್ಟಿನೋವು ಅಂತ ಎಷ್ಟು ವರ್ಷ ಒದ್ದಾಡಿದೆ, ಅಣ್ಣಾ! ನೀನೂ ಗ್ಯಾಸ್ ಅಂದಿ, ಡಾಕ್ಟ್ರೂ ಗ್ಯಾಸ್ ಅಂದ್ರು. ಒಳಗ ನೋಡೋಣು ಅಂತ ಒಬ್ರೂ ಅನ್ನಲಿಲ್ಲ. ಈ ಹುಡುಗ್ರು ನೋಡ್ತಾರ."

"ಮಂದಿ ಏನಂದಾರು?"

"ಗ್ಯಾಸ್ ಅಂದಾರು, ಬಿಡು."

ಅಧಿಕಾರಿ ನಗು ನುಂಗಿಕೊಂಡರು. "ಒಪ್ಪಿಗಿ ಐತೇನ್ರಿ, ಅವ್ವಾರ?"

"ಐತಿ. ಹೊಟ್ಟಿಯಿಂದನ ಸುರು ಮಾಡ್ರಿ."

ಅಷ್ಟು ಹೇಳಿ ಅವ್ವ ಕಣ್ಣು ಮುಚ್ಚಿದಳು. ಇನ್ನೊಂದು ಸಲ ಎಬ್ಬಿಸಿ ಎಂದು ಮಾವ ಗೋಗರೆದರು. ಎರಡನೇ ಸಲ ಎಬ್ಬಿಸುವಂತಿಲ್ಲ. ತೆಗೆಸಿದ ಕುಣಿಯನ್ನು ಮುಚ್ಚಿಸಲು ಅವರು ಒಬ್ಬರೇ ಊರಿಗೆ ಹೋದರು.

ಒಳಗೆ ಏನು ಕಂಡಿತೆಂದು ಕಾಲೇಜಿನವರು ಮನೆಯವರಿಗೆ ಹೇಳುವುದಿಲ್ಲ. ಕೇಳಲು ಹೋದಾಗಲೆಲ್ಲ ನನ್ನನ್ನು ಗೇಟಿನಿಂದಲೇ ಕಳಿಸುತ್ತಾರೆ. ಆದರೂ ಹೋಗುತ್ತೇನೆ. ಅವ್ವನಿಗೆ ಏನಾಗಿತ್ತೋ, ನನಗೆ ಈವರೆಗೂ ಗೊತ್ತಾಗಿಲ್ಲ.