ನಡುಬಾಗಿಲಿನ ಚಿಲಕ

ಬಾಳೆಹಣ್ಣನ್ನು ಬಾಯಿವರೆಗೆ ಒಯ್ದ ಮುದಿ ಹೆಣ್ಣು ಬೊನೊಬೊ ವಾನರ ಅಲ್ಲೇ ಕೈ ತಡೆದಳು. ಪಕ್ಕದ ಕೋಣೆಯಲ್ಲಿ, ಮೃಗಾಲಯಕ್ಕೆ ಬಂದಾಗಿನಿಂದ ಮೂರು ದಿನ ಏನೂ ತಿನ್ನದ ಹೊಸ ಹೆಣ್ಣು ಬೊನೊಬೊ ಮೂಲೆ ಹಿಡಿದು ಕೂತಿತ್ತು. ನಡುಬಾಗಿಲಿನ ಚಿಲಕ ಇದ್ದದ್ದು ಮುದುಕಿಯ ಕಡೆಗೆ.

"ಇವಳ ಜಾಗದಲ್ಲಿ ಇವಳ ದಾಯಾದಿ ಚಿಂಪಾಂಜಿ ಇದ್ದಿದ್ರೆ ಹೊಸಬಳ ಮೈಮೇಲೇ ಬೀಳ್ತಿತ್ತು," ಎಂದರು ಪ್ರಾಣಿವೈದ್ಯರು.

"ಕೈಗೆ ಬಂದ ತುತ್ತನ್ನ ಮನುಷ್ಯರೇ ಬಿಡಲ್ಲ ಡಾಕ್ಟ್ರೇ, ಇವಳು ಬಿಡ್ತಾಳಾ?" ಎಂದಳು ಅವುಗಳನ್ನು ಸಾಕುತ್ತಿದ್ದ ಹೆಂಗಸು.

ಮುದುಕಿ ಎದ್ದು ಚಿಲಕ ಎಳೆದಳು. ಹೊಸಬಳ ತಲೆ ನೇವರಿಸಿ, ಹಣ್ಣನ್ನು ಅವಳ ತುಟಿಗೆ ಹಿಡಿದಳು. ಹೊಸಬಳು ಕಚ್ಚಿದಳು.

ನೋಡುತ್ತಿದ್ದ ಹೆಂಗಸಿನ ಮನೆಗೆ ಸೊಸೆ ಬಂದು ಎಂಟು ದಿನವಾಗಿತ್ತು. ಇವಳು ಅವಳಿಗೆ ಕೆಲಸ ಹೇಳಿದ್ದಳೇ ಹೊರತು ಒಮ್ಮೆಯೂ ಪಕ್ಕದಲ್ಲಿ ಕೂರಿಸಿಕೊಂಡಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಸೊಸೆಗೆ ಫೋನ್ ಮಾಡಿದಳು.

"ಊಟ ಆಯ್ತೇನಮ್ಮಾ? ಇನ್ನೂ ಇಲ್ವಾ? ಇರು ಮಗಳೇ, ಬಂದೆ. ಒಟ್ಟಿಗೇ ಕೂರೋಣ."