ಐತವಾರದ ಸೋಬಾನೆ

ಮಾದಾಪುರದ ಡಿಜೆ ಅಂಗಡಿಯಲ್ಲಿ ಮದುವೆಯ ಹಾಡು ಆರಿಸುತ್ತ ಅನ್ವಿತಾ ತನ್ನ ಮೊಬೈಲಿನ ಸೋಬಾನೆ ಪದ ಹಚ್ಚಿದೊಡನೆ ಅವಳ ಭಾವೀ ಅತ್ತೆ ನೀಲಾಂಬಿಕಾ ಸೆರಗಿನಿಂದ ಕಣ್ಣೊತ್ತಿಕೊಂಡಳು. ಹಾಡಿನ ಹಿಂದೆ ರೊಟ್ಟಿ ಬಡಿಯುವ ಸದ್ದು ತಾಳದಂತೆ ಕೇಳುತ್ತಿತ್ತು.

"ಅರಿಶಿಣ ಹಚ್ಚೂಮುಂದ ಇದ ಇರಲಿ. ಯಾರವ್ವಾ ಹಾಡಿದಾಕಿ?"

"ನಮ್ಮವ್ವರಿ."

ನೀಲಾಂಬಿಕಾ ಪಕ್ಕದಲ್ಲಿ ಕೂತಿದ್ದ ಗುರುಬಾಯಿಯ ಕುಂಕುಮವಿಲ್ಲದ ಹಣೆ ನೋಡಿದಳು. "ಯಜಮಾನ್ರು ಇದ್ದಾಗ ಹಾಡಿದ್ದಲ್ಲೇನ್ರಿ ಬೀಗತಿ? ಮುತ್ತೈದಿ ದನೀನ ಬ್ಯಾರೆ ಬಿಡ್ರಿ. ಗಂಡ ಹೋದ ಮ್ಯಾಲ ಈ ಕಳಾ ಎಲ್ಲಿಂದ ಬರಬೇಕು?"

ಹೂಂ ಎಂದುಬಿಡು ಎನ್ನುವಂತೆ ಅನ್ವಿತಾ ಮೇಜಿನ ಕೆಳಗೆ ಅವ್ವನ ಕೈ ಒತ್ತಿದಳು. ಗುರುಬಾಯಿ ಕೈ ಬಿಡಿಸಿಕೊಂಡಳು.

"ಅವರು ಹೋಗಿ ಮೂರು ವರ್ಷಾತ್ರಿ. ಇದನ್ನ ಮೊನ್ನೆ ಐತವಾರ ರೊಟ್ಟಿ ಬಡಿಯೂಮುಂದ ಹಾಡೀನಿ."

ಹಾಡು ಇನ್ನೂ ನಡೆದಿತ್ತು. ನೀಲಾಂಬಿಕಾಳ ಕಣ್ಣು ಇನ್ನೂ ಒದ್ದೆಯಾಗಿಯೇ ಇತ್ತು.

"ಬ್ಯಾರೆ ಯಾವುದಾರ ಹಚ್ಚವ್ವಾ. ಶುಭಕಾರ್ಯ ಐತಿ," ಎಂದಳು ಅವಳು, ಸೊಸೆಯ ಕಡೆ ನೋಡದೆ.

ಗುರುಬಾಯಿ ಮಗಳ ಮುಖ ನೋಡಿದಳು. ಅನ್ವಿತಾ ಮೊಬೈಲಿಗೆ ಕೈ ಚಾಚಿ, ನಡುಸಾಲಿನಲ್ಲೇ, ಅವ್ವನ ದನಿಯನ್ನು ನಿಲ್ಲಿಸಿದಳು.